ಶ್ರೀ ಹಾಕದ ಫೋಲ್ಡರು

ನಮ್ಮಣ್ಣ ಒಳ್ಳೆಯ ಫೋಟೊಗ್ರಾಫರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವನ ಬಗ್ಗೆ ಹೇಳುವುದರಲ್ಲಿ ಹೊಗಳಿಕೆ ಕಡಿಮೆ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದ ನಮ್ಮ ಸ್ಟುಡಿಯೋದಲ್ಲಿ ಫೋಟೊ ತೆಗೆಯುವುದು ಅವನು, ಅವನ್ನು ಕಂಪ್ಯೂಟರಿನಲ್ಲಿ ತಿದ್ದಿ ಆಲ್ಬಮ್ ಮಾಡುವುದು ನಾನು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ನಮ್ಮೂರು, ಈ ನಾಲ್ಕು ತಾಲ್ಲೂಕಿನಲ್ಲಿ ಅವನು ಕಾಲಿಡದ ಕಲ್ಯಾಣಮಂಟಪವಿಲ್ಲ. ನಾನು ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದವಳು. ಅಣ್ಣ ಕಲಿತದ್ದು ನನ್ನ ಹೆಗಲ ಮೇಲಿಂದ ಇಣುಕಿ. ಅವನಿಗೆ ಬರುವುದು ಎರಡೇ ವಿದ್ಯೆ, ಕಾಪಿ ಮತ್ತು ಪೇಸ್ಟ್. ಆ ಎರಡರಿಂದಲೇ ಅವನು ಹದಿನೈದು ವರ್ಷ ನನ್ನ ಹೊಟ್ಟೆ ಉರಿಸಿದ್ದಾನೆ.

ಅಪ್ಪ ಇದ್ದಾಗ ನಮ್ಮ ಮನೆಯಲ್ಲಿ ದಿನಸಿ ಚೀಟಿಯ ತಲೆಯ ಮೇಲೂ ‘ಶ್ರೀ’ ಬರೆಯುತ್ತಿದ್ದರು. ಉಪ್ಪು, ಸೀಗೆಪುಡಿ, ಬೆಂಕಿಪೊಟ್ಟಣ ಎಲ್ಲವೂ ಶ್ರೀಯ ಕೆಳಗೇ ಬರಬೇಕು. ಅಣ್ಣ ಆ ಅಭ್ಯಾಸವನ್ನು ಹಾಗೇ ಎತ್ತಿ ಕಂಪ್ಯೂಟರಿನೊಳಗೆ ಇಟ್ಟ. ಅವನು ಮಾಡುವ ಪ್ರತಿ ಫೋಲ್ಡರಿನ ಹೆಸರೂ ಇಂಗ್ಲಿಷಿನ ಶ್ರೀಯಿಂದಲೇ ಶುರು. ಶ್ರೀ ಮದುವೆ. ಶ್ರೀ ಮದುವೆ ಹೊಸದು. ಶ್ರೀ ನಾಮಕರಣ. ಶ್ರೀ ಬೆಳಗೊಳ ಗ್ರೂಪ್. ಶ್ರೀ ರುದ್ರಪಟ್ಟಣ ಸಂಗೀತ. ಶ್ರೀ ಪಾಸ್‌ಪೋರ್ಟ್ ಸೈಜ್. ಶ್ರೀ ಆದ ಮೇಲಾದರೂ ಯಾರ ಮದುವೆ, ಯಾವೂರು ಅಂತ ಬರೆಯುತ್ತಿದ್ದನೇ? ಇಲ್ಲ. ಶ್ರೀ ಬರೆದಾಯಿತು, ಇನ್ನು ಮಿಕ್ಕದ್ದು ದೇವರು ನೋಡಿಕೊಳ್ಳುತ್ತಾನೆ ಅನ್ನುವ ಹಾಗೆ ಮುಂದಿನದನ್ನು ಕಂಪ್ಯೂಟರಿಗೇ ಬಿಟ್ಟುಬಿಡುತ್ತಿದ್ದ. ಹಾಗಾಗಿ ‘ಶ್ರೀ ನ್ಯೂ ಫೋಲ್ಡರ್’ ಅನ್ನುವ ಹೆಸರಿನವೇ ಎಂಬತ್ತು ಚಿಲ್ಲರೆ ಇದ್ದವು. ಹೆಸರಿನ ಪ್ರಕಾರ ಜೋಡಿಸು ಅಂದರೆ ಕಂಪ್ಯೂಟರ್ ಎಲ್ಲವನ್ನೂ ಒಂದೇ ಅಕ್ಷರದ ಕೆಳಗೆ ಸಂತೆ ನಿಲ್ಲಿಸುತ್ತಿತ್ತು.

ತಾರೀಖಿನ ಪ್ರಕಾರ ಜೋಡಿಸೋಣವೆಂದರೆ ಅದೂ ಆಗುತ್ತಿರಲಿಲ್ಲ. ನಮ್ಮ ಹಳೆಯ ಕ್ಯಾಮೆರಾದ ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ಅದರ ಗಡಿಯಾರ ಹಿಂದಕ್ಕೆ ಓಡಿ, ಅದು ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಹೋಗಿ ಕೂರುತ್ತಿತ್ತು. ಅಣ್ಣ ಅದನ್ನು ಸರಿಮಾಡುವ ಗೋಜಿಗೆ ಹೋಗಲಿಲ್ಲ. ಮೇಲಾಗಿ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಎಲ್ಲವನ್ನೂ ಒಂದೇ ಮಧ್ಯಾಹ್ನ ಸುರಿದವನೂ ಅವನೇ. ಆ ಮಧ್ಯಾಹ್ನದ ತಾರೀಖು ಸಾವಿರಾರು ಫೋಟೊಗಳ ಹಣೆಗೆ ಅಂಟಿಕೊಂಡಿತು. ನಮ್ಮ ಕಂಪ್ಯೂಟರನ್ನು ನಂಬುವುದಾದರೆ ನಾಲ್ಕು ತಾಲ್ಲೂಕಿನ ಎಲ್ಲ ಮದುವೆಗಳೂ ಒಂದೋ ಜನವರಿ ಒಂದಕ್ಕೆ ಆಗಿವೆ, ಇಲ್ಲವೇ ಅವತ್ತಿನ ಆ ಮಧ್ಯಾಹ್ನ ಆಗಿವೆ.

ಒಂದು ವರ್ಷ ಆಯುಧಪೂಜೆಯ ದಿನ ಅವನು ಕಂಪ್ಯೂಟರಿಗೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಪೆನ್‌ಡ್ರೈವ್ ಸಿಕ್ಕಿಸುವ ತೂತಿಗೆ ಮಟ್ಟಸವಾಗಿ ಕುಂಕುಮ ಇಟ್ಟ. ಎರಡು ತೂತಿಗೂ ಇಟ್ಟ. ಅಂದಿನಿಂದ ಮುಂಭಾಗದ ತೂತುಗಳು ಏನನ್ನೂ ಓದುವುದಿಲ್ಲ. ನಾನು ಇಂದಿಗೂ ಟೇಬಲ್ಲಿನ ಕೆಳಗೆ ತೂರಿ, ಜೇಡರ ಬಲೆ ಸರಿಸಿ, ಹಿಂದಿನ ತೂತಿಗೆ ಪೆನ್‌ಡ್ರೈವ್ ಹಾಕುತ್ತೇನೆ. ಬೈಯುತ್ತಲೇ ಹಾಕುತ್ತೇನೆ. ಒಮ್ಮೆ ಒಬ್ಬ ಗಿರಾಕಿ ಒಳಗೆ ಬಂದವರು, ಟೇಬಲ್ಲಿನ ಕೆಳಗಿಂದ ಬರುತ್ತಿದ್ದ ನನ್ನ ಮಾತು ಕೇಳಿ ಹಾಗೇ ವಾಪಸ್ಸು ಹೋದರು.

ಇಷ್ಟಾದರೂ ನಾನು ಆ ಕೊಂಪೆಯನ್ನು ಸರಿಮಾಡಿರಲಿಲ್ಲ. ನಾಳೆ ಮಾಡೋಣ, ಈ ಲಗ್ನದ ಸೀಸನ್ ಮುಗಿಯಲಿ, ಆಷಾಢ ಬರಲಿ, ಹೀಗೇ ವರ್ಷಗಳು ಕಳೆದವು. ಆಲ್ಬಮ್ ಕೊಟ್ಟ ಮೇಲೆ ಹಳೆಯ ಫೋಟೊ ಕೇಳಿಕೊಂಡು ಯಾರು ಬರುತ್ತಾರೆ ಅನ್ನುವ ಧೈರ್ಯ ಬೇರೆ. ಹೋದ ವರ್ಷ ಒಬ್ಬಳು ಬಂದಳು.

ಇಪ್ಪತ್ತಾರು ವರ್ಷವಿರಬಹುದು. ಅರಕಲಗೂಡು ಕಡೆಯ ಹಳ್ಳಿಯವಳು, ಹಾಸನದ ಗಾರ್ಮೆಂಟ್ಸಿನಲ್ಲಿ ಕೆಲಸ. ಇನ್ನು ಮೂರು ವಾರಕ್ಕೆ ಅವಳ ಮದುವೆ. ಚಿಕ್ಕಂದಿನಲ್ಲೇ ತಂದೆ ಹೋದರು, ಅವಳಿಗೆ ಹದಿನೈದು ತುಂಬುವ ಹೊತ್ತಿಗೆ ತಾಯಿಯೂ ಹೋದರು. ಸಾಕಿದ್ದು ಸೋದರಮಾವ, ಅಂದರೆ ತಾಯಿಯ ತಮ್ಮ. ತಂದೆಯ ಫೋಟೊ ಒಂದಿತ್ತು. ತಾಯಿಯದು ಅಂತ ಇದ್ದದ್ದು ಆಧಾರ್ ಕಾರ್ಡಿನದೊಂದೇ. ಮದುವೆಗೆ ಮುಂಚೆ ಹಿರಿಯರಿಗೆ ಎಡೆ ಇಡಬೇಕಲ್ಲ, ಅದಕ್ಕೆ ದೊಡ್ಡದು ಮಾಡಿಸಿ ಫ್ರೇಮು ಹಾಕಿಸಬೇಕು ಅಂತ ಅದರ ಜೆರಾಕ್ಸನ್ನು ಹೋದ ವಾರವೇ ಕೊಟ್ಟುಹೋಗಿದ್ದಳಂತೆ. ಅಣ್ಣ ದೊಡ್ಡದು ಮಾಡಿದ್ದ. ಆಧಾರ್ ಫೋಟೊವನ್ನು ದೊಡ್ಡದು ಮಾಡಿದರೆ ಏನಾಗುತ್ತದೆಂದು ನಿಮಗೇ ಗೊತ್ತು. ಪೊಲೀಸ್ ಸ್ಟೇಷನ್ನಿನ ಗೋಡೆಗೆ ಅಂಟಿಸಲು ಮಾಡಿಸಿದ ಹಾಗಿತ್ತು.

ಅವಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೌಂಟರಿನ ಮೇಲೆ ಮೆಲ್ಲಗೆ ಇಟ್ಟಳು.

“ಅಣ್ಣ, ಇದು ನಮ್ಮವ್ವ ಅಲ್ಲ.”

“ನೀನು ಕೊಟ್ಟಿದ್ ಕಾರ್ಡೇ ಕಣವ್ವ,” ಅಂದ ಅಣ್ಣ. “ಅದ್ರಲ್ಲಿರೋದೆ ಅಷ್ಟು. ಇಲ್ದಿರೋ ಮೊಕ ನಾನೆಲ್ಲಿಂದ ತರ್ಲಿ?”

“ಗೊತ್ತು ಕಣಣ್ಣ. ಆದ್ರೂ ಇದು ನಮ್ಮವ್ವ ಅಲ್ಲ. ನಂಗೆ ಬರ್ತಾ ಬರ್ತಾ ನಮ್ಮವ್ವನ ಮೊಕನೇ ಮರ್ತೋಯ್ತಾ ಅದೆ. ಇದ್ನ ಗ್ವಾಡೆಗೆ ಆಕುದ್ರೆ ಇನ್ನ ಇದೇ ನಿಂತೋಯ್ತದೆ.”

ನಾನು ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದೆ. ಆ ಮಾತು ಕೇಳಿ ಮೌಸ್ ಬಿಟ್ಟು ಎದ್ದು ಬಂದೆ. ಬೇರೆ ಎಲ್ಲೂ ಫೋಟೊ ಇಲ್ಲವೇ ಅಂತ ಕೇಳಿದೆ. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಸೋದರಮಾವನ ಮದುವೆಯಾಯಿತಂತೆ. ನಮ್ಮೂರಿನದೇ ಮಂಟಪ, ಫೋಟೊ ತೆಗೆದದ್ದು ನಾವೇ. ಮಾವನ ಆಲ್ಬಮ್ಮನ್ನು ಮೂರು ಸಲ ತಿರುವಿ ನೋಡಿದ್ದಾಳೆ, ಅದರಲ್ಲಿ ತಾಯಿ ಇಲ್ಲ. ಆದರೆ ಆಲ್ಬಮ್ಮಿಗೆ ಹಾಕುವುದು ಆರಿಸಿದ ಫೋಟೊ ಮಾತ್ರ, ಮಿಕ್ಕದ್ದು ಸ್ಟುಡಿಯೋದಲ್ಲಿ ಇರುತ್ತದೆ ಅಂತ ಗಾರ್ಮೆಂಟ್ಸಿನಲ್ಲಿ ಯಾರೋ ಹೇಳಿದ್ದರು.

“ಅಷ್ಟು ಅಳೇದು ಎಲ್ಲಿರ್ತದವ್ವ,” ಅಂದ ಅಣ್ಣ. “ಇದ್ರೂ ಸಿಕ್ಕಾಕಿಲ್ಲ.”

ಇದ್ರೂ ಸಿಕ್ಕಾಕಿಲ್ಲ! ನನಗೆ ಪಿತ್ತ ನೆತ್ತಿಗೇರಿತು. ಸಿಕ್ಕದ ಹಾಗೆ ಮಾಡಿದವನು ಅವನು, ಮಾಡಲು ಬಿಟ್ಟವಳು ನಾನು, ಅನುಭವಿಸಬೇಕಾದವಳು ಈ ಹುಡುಗಿ. “ಸಿಕ್ಕೇ ಸಿಕ್ಕುತ್ತೆ, ನೀನು ಹೋಗಿರವ್ವ, ನಾನು ಫೋನ್ ಮಾಡ್ತೀನಿ,” ಅಂದುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ ಹುಡುಕಲು ಕೂತೆ. ಮೊದಲು ಸೋದರಮಾವನ ಹೆಸರು ಕೊಟ್ಟು ಹುಡುಕಿಸಿದೆ. ಹಸಿರು ಗೆರೆ ಆಮೆಯ ಹಾಗೆ ತೆವಳಿ ತೆವಳಿ, ಕೊನೆಗೆ ಏನೂ ಇಲ್ಲ ಅಂದಿತು. ಮದುವೆ ಅಂತ ಕೊಟ್ಟೆ. ನಾಲ್ಕು ನೂರು ಫೋಲ್ಡರು ತಂದು ಸುರಿಯಿತು. ಸರಿ, ಹೆಸರು ಬೇಡ, ಚಿತ್ರವನ್ನೇ ನೋಡೋಣ ಅಂತ ಫೋಲ್ಡರುಗಳನ್ನು ದೊಡ್ಡ ದೊಡ್ಡ ಚಿತ್ರವಾಗಿ ತೋರಿಸುವ ಹಾಗೆ ಮಾಡಿದೆ. ಪರದೆ ತುಂಬ ಗಣಪತಿ. ಅಲ್ಲೂ ಗಣಪತಿ, ಇಲ್ಲೂ ಗಣಪತಿ. ನಮ್ಮಣ್ಣ ಯಾವ ಮದುವೆಗೇ ಹೋಗಲಿ, ಮೊದಲ ಫೋಟೊ ಮಂಟಪದ ಬಾಗಿಲಿನ ಗಣಪತಿಯದು. ಫೋಲ್ಡರಿನ ಮುಖಕ್ಕೆ ಬರುವುದು ಅದೇ ಮೊದಲ ಫೋಟೊ. ನಾನು ಎರಡೂ ಕೈ ಎತ್ತಿ ಮುಗಿದೆ. ಭಕ್ತಿಯಿಂದ ಅಲ್ಲ.

ಬೇರೆ ದಾರಿಯಿಲ್ಲದೆ ಒಂದೊಂದೇ ಫೋಲ್ಡರು ತೆಗೆದು, ಮಧ್ಯದ ಫೋಟೊವೊಂದನ್ನು ದೊಡ್ಡದು ಮಾಡಿ, ಮದುಮಕ್ಕಳ ಹಿಂದೆ ಹೂವಿನಲ್ಲಿ ಬರೆದ ಹೆಸರು ಓದುವುದು ಅಂತ ಶುರುಮಾಡಿದೆ. ಓದಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ, ಮತ್ತೆ ಅದೇ ಫೋಲ್ಡರಿಗೆ ಬಂದು ಬೇಸ್ತು ಬೀಳಬಾರದಲ್ಲ. ಮಧ್ಯೆ ಕರೆಂಟು ಹೋಗುತ್ತಿತ್ತು. ಮಧ್ಯೆ ಪಾಸ್‌ಪೋರ್ಟ್ ಸೈಜಿನವರು ಬರುತ್ತಿದ್ದರು. ಕಂಪ್ಯೂಟರ್ ಆಗಾಗ ಮುನಿಸಿಕೊಂಡು ಬೆಳ್ಳಗೆ ನಿಂತುಬಿಡುತ್ತಿತ್ತು. ಐದು ದಿನ ಹೀಗೇ ಕಣ್ಣು ಉರಿಸಿಕೊಂಡೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಅದೇ ಹೆಸರಿನ ಇನ್ನೊಂದು, ಅದರೊಳಗೆ ಬರೀ ಖಾಲಿ. ಒಂದು ಕಡೆ ‘ಶ್ರೀ ಡಿಲೀಟ್ ಮಾಡಬೇಕು’ ಅನ್ನುವ ಫೋಲ್ಡರು ಸಿಕ್ಕಿತು. ಅದರಲ್ಲಿ ನನ್ನದೇ ಮದುವೆಯ ಫೋಟೊ ಇದ್ದವು. ಅವತ್ತು ಅಣ್ಣನಿಗೆ ಮಧ್ಯಾಹ್ನದ ಕಾಫಿ ಕೊಡಲಿಲ್ಲ.

ಆರನೆಯ ದಿನ ‘ಶ್ರೀ ಬ್ಯಾಕಪ್’ ಅನ್ನುವುದರೊಳಗಿನ ಇನ್ನೊಂದು ‘ಶ್ರೀ ಬ್ಯಾಕಪ್’ನಲ್ಲಿ ಆ ಸೋದರಮಾವನ ಹೆಸರು ಸಿಕ್ಕಿತು. ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಒಂಬೈನೂರು ಚಿಲ್ಲರೆ ಫೋಟೊ. ಆಧಾರಿನ ಜೆರಾಕ್ಸನ್ನು ಪರದೆಯ ಅಂಚಿಗೆ ಅಂಟಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಅಂಥ ಮುಖ ಎಲ್ಲೂ ಕಾಣಲಿಲ್ಲ. ನನಗೆ ಗುರುತು ಸಿಕ್ಕುತ್ತಿಲ್ಲವೇನೋ ಅಂದುಕೊಂಡು ಹುಡುಗಿಗೆ ಫೋನ್ ಮಾಡಿದೆ. ಭಾನುವಾರ ಬೆಳಿಗ್ಗೆಯ ಬಸ್ಸಿಗೇ ಬಂದಳು.

ಇಬ್ಬರೂ ಪಕ್ಕಪಕ್ಕ ಕೂತು ಮತ್ತೆ ನೋಡಿದೆವು. ಅವಳು ಎಲ್ಲರ ಹೆಸರೂ ಹೇಳುತ್ತಾ ಹೋದಳು, ತಾಯಿಯ ಹೆಸರೊಂದನ್ನು ಬಿಟ್ಟು. ಏಳು ನೂರರ ಆಚೆ ಒಂದು ಫೋಟೊ ಬಂತು. ಎದುರಿಗೆ ಮದುಮಗನ ಪಕ್ಕ ಕಳಸ ಹಿಡಿದ ಹೆಂಗಸು ನಗುತ್ತಾ ನಿಂತಿದ್ದಾಳೆ, ದೂರದಲ್ಲಿ ಅಡುಗೆಮನೆಯ ಬಾಗಿಲಲ್ಲಿ ಯಾರದೋ ಅರ್ಧ ಭುಜ, ಮಾಸಲು ಸೀರೆ. ಮುಖವಿಲ್ಲ.

“ಅದು ನಮ್ಮವ್ವ,” ಅಂದಳು. “ಕಳಸ ಇಡ್ದಿರೋದು ನಮ್ಮವ್ವನ ಚಿಕ್ಕಪ್ಪನ ಮಗಳು. ಮದ್ವೆ ಗಂಡ್ಗೆ ಒಡುಟ್ಟಿದ ಅಕ್ಕ ನಮ್ಮವ್ವ, ಅವ್ಳೇ ಇಡೀಬೇಕಾಗಿತ್ತು. ಗಂಡ ಇಲ್ದವ್ಳು ಅಂತ ಇಡೀಲಿಲ್ಲ. ಯಾರೂ ಬ್ಯಾಡ ಅನ್ನಲಿಲ್ಲ ಕಣಕ್ಕ. ಮಾವ ಕಾಲಿಗ್ ಬಿದ್ದು ಕರುದ್ರು. ಅವ್ಳೇ, ನನ್ ತಮ್ಮನ್ಗೆ ನನ್ನಿಂದ ಕೇಡಾಗೋದ್ ಬ್ಯಾಡ ಅಂತ ಸ್ಟೇಜ್ ಅತ್ತಲೇ ಇಲ್ಲ.”

ನಾನು ಆ ಭುಜವನ್ನು ದೊಡ್ಡದು ಮಾಡಿ ನೋಡಿದೆ. ಹದಿನೈದು ವರ್ಷದಲ್ಲಿ ಎಷ್ಟೋ ಆಲ್ಬಮ್ ಮಾಡಿದ್ದೇನೆ. ಇಂಥ ಭುಜ, ಇಂಥ ಸೆರಗು, ಕಂಬದ ಮರೆಯಿಂದ ಇಣುಕುವ ಇಂಥ ಅರ್ಧ ಮುಖ ಎಷ್ಟೋ ಕಂಡಿದ್ದೇನೆ. ಕಂಡಾಗಲೆಲ್ಲ ಏನು ಮಾಡುತ್ತಿದ್ದೆ ಗೊತ್ತೇ? ಅಂಚಿನಲ್ಲಿ ಯಾರೋ ಬಂದುಬಿಟ್ಟಿದ್ದಾರೆ ಅಂತ ಕತ್ತರಿಸಿ ಹಾಕುತ್ತಿದ್ದೆ. ನನ್ನ ಕೆಲಸ ಅಚ್ಚುಕಟ್ಟು ಅಂತ ಎಲ್ಲರೂ ಹೊಗಳುತ್ತಿದ್ದರು. ಈ ಭುಜವನ್ನೂ ಆಲ್ಬಮ್ಮಿನಲ್ಲಿ ಕತ್ತರಿಸಿದವಳು ನಾನೇ ಇರಬೇಕು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಗೊತ್ತಾಗದೆ ಕೀಬೋರ್ಡಿನ ಮೇಲೆ ಗುದ್ದಿದೆ.

“ಓಗ್ಲಿ ಬುಡಕ್ಕ,” ಅಂದಳು ಅವಳು. ನನಗೆ ಸಮಾಧಾನ ಹೇಳುತ್ತಿದ್ದಾಳೆ!

ಆಗ ಹೊಳೆಯಿತು. “ಬೀಗರೂಟ?” ಅಂದೆ.

ನಮ್ಮ ಕಡೆ ಮದುವೆಯಾದ ಮೇಲೆ ಗಂಡಿನ ಊರಿನಲ್ಲಿ ಬೀಗರಿಗೆ ಬಾಡೂಟ ಹಾಕುತ್ತಾರೆ. ಮಂಟಪವಿಲ್ಲ, ಮಂತ್ರವಿಲ್ಲ, ಸ್ಟೇಜಿಲ್ಲ. ಮನೆ ಮುಂದೆ ಶಾಮಿಯಾನ, ಹಿತ್ತಲಲ್ಲಿ ಒಲೆ. ಅಲ್ಲಿ ಯಾರು ಬರಬಾರದು, ಯಾರು ಮುಟ್ಟಬಾರದು ಅನ್ನುವ ಲೆಕ್ಕಾಚಾರವೂ ಇಲ್ಲ.

ಅವಳ ಮುಖ ಅರಳಿತು. “ಬೀಗ್ರೂಟದಲ್ಲಿ ನಮ್ಮವ್ವಂದೇ ಯಜಮಾನ್ಕೆ ಕಣಕ್ಕ! ಮಸಾಲೆ ಅರ್ಸಿದ್ದು ಅವ್ಳೇ, ಮುದ್ದೆ ಕಟ್ಸಿದ್ದು ಅವ್ಳೇ.”

“ಫೋಟೊದವರು ಬಂದಿದ್ರಾ?”

“ಬಂದಿದ್ರು. ಈ ಅಣ್ಣನೇ. ಎಲ್ಡು ಸಲ ಮುದ್ದೆ ಆಕುಸ್ಕಂಡ್ರು.”

ಬೀಗರೂಟದ ಫೋಟೊ ನನ್ನ ಕೈಗೆ ಎಂದೂ ಬಂದಿರಲಿಲ್ಲ. ಅವನ್ನು ಯಾರೂ ಆಲ್ಬಮ್ಮಿಗೆ ಹಾಕಿಸುವುದಿಲ್ಲ. ಇಪ್ಪತ್ತೋ ಮೂವತ್ತೋ ತೆಗೆದು, ಹಾಸನದ ಲ್ಯಾಬಿನಲ್ಲಿ ನೇರವಾಗಿ ಪ್ರಿಂಟು ಹಾಕಿಸಿ ಅಣ್ಣನೇ ಕವರಿನಲ್ಲಿ ಕೊಟ್ಟುಬಿಡುತ್ತಿದ್ದ. “ಅಣ್ಣಾ!” ಅಂತ ಕೂಗಿದೆ. ಹೊರಗೆ ಟ್ರೈಪಾಡ್ ಒರೆಸುತ್ತಿದ್ದವನು ಓಡಿಬಂದ.

“ಬೀಗರೂಟದ ಫೋಟೊ ಎಲ್ಲಿ ಹಾಕ್ತಿದ್ದೆ? ಶ್ರೀ ಏನು ಅಂತ ಬರೀತಿದ್ದೆ?”

ಅವನು ನನ್ನನ್ನು ಬುದ್ಧಿ ಕೆಟ್ಟವಳ ಹಾಗೆ ನೋಡಿದ. “ಬಾಡೂಟಕ್ಕೆ ಶ್ರೀ ಆಕಕಾಯ್ತದೇನೇ?”

“ಏನಂದೆ?”

“ಅಲ್ಲ ಕಣೇ, ಕುರಿ ಕುಯ್ದಿರೋ ಫೋಟೊಗೆ ಯಾರಾದ್ರೂ ಶ್ರೀ ಅಂತ ಬರೀತಾರಾ? ದೇವಸ್ಥಾನದ ಫೋಟೊ ಎಲ್ಲ ಅದೇ ಡ್ರೈವಲ್ಲಿ ಅವೆ, ಅದ್ರೊಳಕ್ಕೆ ಬಾಡು ಬ್ಯಾಡ ಅಂತ ಬ್ಯಾರೆ ಇಟ್ಟಿವ್ನಿ. ನನ್ ಆಡುಗಳು ಅವಲ್ಲ, ಆ ಡ್ರೈವಲ್ಲಿ.”

ಅವನು ಹಳೆಯ ಹಾಡುಗಳನ್ನು ತುಂಬಿಟ್ಟುಕೊಂಡಿದ್ದ ಆ ಡ್ರೈವಿಗೆ ನಾನು ಕೈಯೇ ಹಾಕುತ್ತಿರಲಿಲ್ಲ. ಅವನ ಹಾಡು, ಅವನ ಹಣೆಬರಹ ಅಂತ ಬಿಟ್ಟಿದ್ದೆ. ಈಗ ತೆಗೆದೆ. ಹೆಸರಿನ ಪ್ರಕಾರ ಜೋಡಿಸು ಅಂದೆ. ಹದಿನೈದು ವರ್ಷದಲ್ಲಿ ಮೊದಲ ಸಲ ನಮ್ಮ ಕಂಪ್ಯೂಟರ್ ಹೇಳಿದ ಮಾತು ಕೇಳಿತು. ಹಾಡುಗಳು ಒಂದು ಕಡೆ ಹೋಗಿ ನಿಂತವು. ಇನ್ನೊಂದು ಕಡೆ ಸಾಲಾಗಿ ಊಟ, ಊಟ ಎರಡು, ಊಟ ಮೂರು. ಎಪ್ಪತ್ತರ ತನಕ ಇದ್ದವು. ಅಷ್ಟೂ ಮಡಿ ಕೆಡಿಸಬಾರದೆಂದು ಬೇರೆ ಇಟ್ಟವು, ಒಂದಕ್ಕೂ ಗಣಪತಿಯ ಮುಖವಿಲ್ಲ. ಫೋಲ್ಡರಿನ ಮೇಲೇ ಜನ ಕಾಣುತ್ತಿದ್ದರು, ಎಲೆ ಮುಂದೆ ಕೂತವರು, ಬಡಿಸುವವರು, ಮೂಳೆ ಚೀಪುವವರು. ನಗು ಬಂತು, ನಗಲು ಪುರುಸೊತ್ತಿರಲಿಲ್ಲ.

ಇಪ್ಪತ್ತಮೂರನೆಯ ಊಟದಲ್ಲಿ ಆ ಸೋದರಮಾವ, ಹೊಸ ಮದುಮಗ, ಬನಿಯನ್ ಹಾಕಿಕೊಂಡು ಸಾರಿನ ಬಕೆಟ್ ಹಿಡಿದಿದ್ದ. “ಇದೇ, ಇದೇ!” ಅಂದಳು ಹುಡುಗಿ. ಮುಂದಿನದು. ಮುಂದಿನದು. ಗಂಡಸರ ಪಂಕ್ತಿ. ಒಲೆ. ಮತ್ತೆ ಗಂಡಸರ ಪಂಕ್ತಿ. ಆಮೇಲೆ ಬಂತು.

ಹೆಂಗಸರು ಸಾಲಾಗಿ ಕೂತು ಮುದ್ದೆ ಕಟ್ಟುತ್ತಿದ್ದಾರೆ. ಎದುರಿಗೆ ಹಬೆಯಾಡುವ ಹಿಟ್ಟಿನ ರಾಶಿ, ಪಕ್ಕದಲ್ಲಿ ತಣ್ಣೀರಿನ ತಟ್ಟೆ. ಯಾರೋ ಏನೋ ತಮಾಷೆ ಮಾಡಿರಬೇಕು. ನಡುವೆ ಕೂತಿದ್ದ ಹೆಂಗಸು, ಮುದ್ದೆ ಅಂಗೈಯಲ್ಲೇ ಇದೆ, ತಲೆ ಹಿಂದಕ್ಕೆ ಚೆಲ್ಲಿ ಬಾಯ್ತುಂಬ ನಗುತ್ತಿದ್ದಾಳೆ. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿವೆ. ಕೆನ್ನೆಗೆ ಹಿಟ್ಟು ಮೆತ್ತಿದೆ.

ಹುಡುಗಿ ಬೆರಳನ್ನು ಪರದೆಗೆ ಇಟ್ಟು, “ಅವ್ವ,” ಅಂದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರಿಗೆ ಹಾಕಿದ್ದ ಬ್ಯಾಟರಿ ಪೆಟ್ಟಿಗೆ ಕೀ ಕೀ ಅಂತ ಅರಚತೊಡಗಿತು. ಅದು ತಡೆಯುವುದು ಎರಡು ನಿಮಿಷ. ನಾನು ಟೇಬಲ್ಲಿನ ಕೆಳಗೆ ನುಗ್ಗಿ ಹಿಂದಿನ ತೂತಿಗೆ ಪೆನ್‌ಡ್ರೈವ್ ಚುಚ್ಚಿ ಬಂದು, ಆ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ ಪೇಸ್ಟ್ ಮಾಡಿದೆ. ಸುರಕ್ಷಿತವಾಗಿ ಹೊರತೆಗೆದೆ. ಆಮೇಲೆ ಪೆಟ್ಟಿಗೆ ಉಸಿರು ಬಿಟ್ಟು ಸುಮ್ಮನಾಯಿತು. ಕತ್ತಲಾದ ಪರದೆಯ ಮುಂದೆ ನಾವಿಬ್ಬರೂ ಕೂತು ಅತ್ತೆವು. ಅಣ್ಣ ಬಾಗಿಲಲ್ಲಿ ನಿಂತು, “ನಾನೇ ತೆಗ್ದಿದ್ದು ಅದು, ಚೆನ್ನಾಗ್ ಬಂದದೆ ಅಲ್ವಾ?” ಅಂದ. ಚೆನ್ನಾಗಿಯೇ ಬಂದಿತ್ತು. ಅವನು ಒಳ್ಳೆಯ ಫೋಟೊಗ್ರಾಫರ್ ಅಂತ ಹೇಳಿದೆನಲ್ಲ.

ಎರಡು ದಿನ ಬಿಟ್ಟು ಸೋದರಮಾವ ಫ್ರೇಮಿನ ಅಳತೆ ಹೇಳಲು ಬಂದರು. ಪರದೆಯಲ್ಲಿ ಅಕ್ಕನನ್ನು ನೋಡಿ ಕುರ್ಚಿ ಎಳೆದುಕೊಂಡು ಹತ್ತಿರ ಬಗ್ಗಿದರು. ಆಮೇಲೆ ಹಿರಿಯರ ಗತ್ತು ನೆನಪಾಯಿತು. “ಸತ್ತೋರ ಫೋಟೊ ಇಂಗೆ ಅಲ್ಲು ಬುಟ್ಕಂಡಿದ್ರೆ ಎಂಗೆ? ಬಾಯಿ ಮುಚ್ಚಾಕಾಯ್ತದಾ ನೋಡಿ. ಇಂದ್ಗಡೆ ನೀಲಿ ಬಣ್ಣ ಆಕಿ, ಒಂದು ರೇಷ್ಮೆ ಸೀರೆ ಉಡ್ಸಿ,” ಅಂದರು. ಇದು ನಮಗೆ ಹೊಸದಲ್ಲ. ಸತ್ತವರಿಗೆ ರೇಷ್ಮೆ ಉಡಿಸುವುದು, ಸರ ಹಾಕುವುದು, ತಲೆಗೂದಲು ಕಪ್ಪು ಮಾಡುವುದು ನನಗೆ ಎಡಗೈ ಕೆಲಸ. ಆದರೆ ನಾನು ಮೌಸಿನಿಂದ ಕೈ ತೆಗೆದೆ. “ಹುಡುಗಿ ಹೇಳಿದರೆ ಮಾಡ್ತೀನಿ,” ಅಂದೆ.

ಹುಡುಗಿಗೆ ಫೋನ್ ಹಚ್ಚಿದರು. ಫೋನಿನಾಚೆ ಹೊಲಿಗೆ ಮಿಷನ್ನುಗಳ ಸದ್ದು. ಅದರ ನಡುವೆ ಅವಳ ಮಾತು ಸ್ಪಷ್ಟವಾಗಿ ಕೇಳಿತು. “ಮಾವ, ನಮ್ಮವ್ವ ನಗೋದ್ನ ನಾನು ಅನ್ನೊಂದ್ ವರ್ಷ ಆದ್ಮೇಲೆ ನೋಡಿವ್ನಿ. ಮುಚ್ಚಿಸ್ಬ್ಯಾಡಿ.” ಮಾವ ಫ್ರೇಮಿನ ಅಳತೆ ಬರೆಸಿ ಹೊರಟರು. ಹಬೆಯಿಂದ ಮಸುಕಾಗಿದ್ದ ಕಡೆ ಸ್ವಲ್ಪ ಬೆಳಕು ಹೆಚ್ಚಿಸಿದ್ದು ಬಿಟ್ಟರೆ ನಾನು ಏನನ್ನೂ ಮುಟ್ಟಲಿಲ್ಲ. ಕೆನ್ನೆಯ ಹಿಟ್ಟು ಕೂಡ ಹಾಗೇ ಇದೆ.

ಆ ಗೆಲುವಿನ ಬಿಸಿ ಆರುವ ಮುಂಚೆ ನಾನು ಇಡೀ ಕಂಪ್ಯೂಟರಿನ ಮೇಲೆ ಬಿದ್ದೆ. ಹೇಗೂ ನೋಟ್‌ಬುಕ್ಕಿನಲ್ಲಿ ಹೆಸರುಗಳೆಲ್ಲ ಇದ್ದವಲ್ಲ. ವರ್ಷ, ತಿಂಗಳು, ಊರು, ಮನೆಯವರ ಹೆಸರು, ಈ ಕ್ರಮದಲ್ಲಿ ಪ್ರತಿ ಫೋಲ್ಡರಿಗೂ ಹೊಸ ನಾಮಕರಣ. ವರ್ಷ ಗೊತ್ತಾಗದ ಕಡೆ ಹಳ್ಳಿಗೆ ಫೋನ್ ಮಾಡಿ ಕೇಳಿದೆ. “ನಿಮ್ಮ ದೊಡ್ಡ ಮಗಳ ಮದುವೆ ಆದಾಗ ಚಿಕ್ಕವಳು ಎಷ್ಟನೇ ಕ್ಲಾಸು?” ಅಂದರೆ ಲೆಕ್ಕ ತಾನಾಗಿ ಬರುತ್ತದೆ. ಬೀಗರೂಟವನ್ನು ಆಯಾ ಮದುವೆಯ ಒಳಗೇ ತಂದು ಕೂರಿಸಿದೆ. ಅಣ್ಣ ಒಂದು ದಿನವಿಡೀ ಮುಖ ಊದಿಸಿಕೊಂಡಿದ್ದ. ಬಾಡಿನದಲ್ಲ, ಶ್ರೀಯದು ಅವನ ತಕರಾರು. ಎಲ್ಲ ಕಡೆಯೂ ಅಳಿಸಿಬಿಟ್ಟರೆ ಹೇಗೆ ಅಂತ. ಕೊನೆಗೆ ರಾಜಿಯಾಯಿತು. ಎಲ್ಲದಕ್ಕೂ ಮೇಲೆ ಒಂದೇ ಒಂದು ದೊಡ್ಡ ಫೋಲ್ಡರು, ಅದರ ಹೆಸರು ಶ್ರೀ. ಮಿಕ್ಕ ಪ್ರಪಂಚವೆಲ್ಲ ಅದರೊಳಗೆ. ಅವನಿಗೂ ತೃಪ್ತಿ, ಕಂಪ್ಯೂಟರಿಗೂ ಅರ್ಥವಾಯಿತು.

ಮೊನ್ನೆ ಚನ್ನರಾಯಪಟ್ಟಣದವರೊಬ್ಬರು ಬಂದು ತಾತನ ಫೋಟೊ ಬೇಕು, ಒಂಬತ್ತು ವರ್ಷದ ಹಿಂದಿನದು, ಸಿಕ್ಕಲ್ಲ ಬಿಡಿ ಅಂದರು. ಕೂತುಕೊಳ್ಳಿ ಅಂದೆ. ಅವರು ಪೂರ್ತಿ ಕೂರುವ ಮುಂಚೆ ತಾತ ಪರದೆಯ ಮೇಲಿದ್ದರು. ನಾನು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದೆ. ಜಂಭ ಅನ್ನಿ ಬೇಕಾದರೆ. ನನಗೆ ಅದನ್ನು ಪಡುವ ಹಕ್ಕಿದೆ.

ಇಷ್ಟು ಹೇಳಿ ಆ ಹುಡುಗಿಯ ಮದುವೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಸಾಮಾನ್ಯವಾಗಿ ಮದುವೆಗಳಿಗೆ ಹೋಗುವವಳಲ್ಲ, ನನ್ನ ಪಾಲಿಗೆ ಮದುವೆಗಳು ಮೆಮೊರಿ ಕಾರ್ಡಿನಲ್ಲೇ ಬರುತ್ತವೆ. ಇದಕ್ಕೆ ಹೋದೆ. ಅರಕಲಗೂಡಿನ ಮಂಟಪ. ಅಣ್ಣ ಬಾಗಿಲ ಗಣಪತಿಯ ಫೋಟೊ ತೆಗೆದು ಒಳಗೆ ಹೋದ, ಅವನ ಹಿಂದೆ ಫ್ಲಾಶ್ ಹಿಡಿದು ನಾನು. ತಾಯಿಯ ಫೋಟೊವನ್ನು ಎಲ್ಲಿಡುವುದು ಅಂತ ಹಿರಿಯರಲ್ಲಿ ಸಣ್ಣ ಗುಸುಗುಸು ನಡೆದಿತ್ತು. ಎಡೆ ಇಟ್ಟದ್ದಾಯಿತು, ಇನ್ನು ರೂಮಿನಲ್ಲೇ ಇರಲಿ ಅಂತ ಒಬ್ಬರು. ಊಟದ ಹಾಲಿನಲ್ಲಿ ಇಡೋಣ ಅಂತ ಇನ್ನೊಬ್ಬರು. ಹುಡುಗಿ ಮುತ್ತಿನ ಬಾಸಿಂಗ ಕಟ್ಟಿಕೊಂಡೇ ರೂಮಿನಿಂದ ಫ್ರೇಮನ್ನು ಎದೆಗವಚಿಕೊಂಡು ತಂದಳು. ಸ್ಟೇಜ್ ಹತ್ತಿ, ಧಾರೆ ಎರೆಯಲು ನಿಲ್ಲುವ ಸೋದರಮಾವ ಮತ್ತು ಅತ್ತೆಯ ಹಿಂದೆ ಒಂದು ಕುರ್ಚಿಯ ಮೇಲೆ ಇಟ್ಟಳು. ಪುರೋಹಿತರು ಒಮ್ಮೆ ನೋಡಿದರು, ಆ ನಗು ನೋಡಿ ಅವರಿಗೂ ನಗು ಬಂತು, ಮಂತ್ರ ಮುಂದುವರಿಸಿದರು.

ಧಾರೆ ಮುಗಿದು ಮನೆಯವರ ಫೋಟೊ ತೆಗೆಯುವ ಹೊತ್ತಾಯಿತು. “ಎಲ್ರೂ ವಸಿ ಅತ್ರ ಬನ್ನಿ,” ಅಂದ ಅಣ್ಣ. ಎಲ್ಲರೂ ಮದುಮಕ್ಕಳ ಅಕ್ಕಪಕ್ಕ ಒತ್ತೊತ್ತಾಗಿ ನಿಂತರು. ಕುರ್ಚಿಯ ಮೇಲಿನ ಫೋಟೊ ಅವರ ಹಿಂದೆ ಮರೆಯಾಯಿತು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಸೋದರಮಾವ, “ತಡೀರಿ,” ಅಂದರು. ಬಾಯಿ ಮುಚ್ಚಿಸಲು ಹೇಳಿದ್ದ ಅದೇ ಮಾವ. ಹಿಂದೆ ಹೋಗಿ ಕುರ್ಚಿಯಿಂದ ಫ್ರೇಮನ್ನು ಎತ್ತಿಕೊಂಡು, ಎಲ್ಲರನ್ನೂ ಸರಿಸಿ, ಮದುಮಕ್ಕಳ ಎದುರಿಗೆ ಸ್ಟೇಜಿನ ನಡುಮಧ್ಯೆ ಮಂಡಿಯೂರಿ ಕೂತರು. ಅದನ್ನು ತಮ್ಮ ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿದರು.

“ನನ್ ಮದ್ವೇಲಿ ಬಾ ಅಂದ್ರೆ ಬರ್ಲಿಲ್ಲ ನೀನು,” ಅಂದರು ಫೋಟೊಗೆ, ನಮಗೆಲ್ಲ ಕೇಳುವ ಹಾಗೆ. “ಈಗ ಎಂಗ್ ಓಯ್ತೀಯೋ ನೋಡ್ತೀನಿ.”

ಹುಡುಗಿ ಅಳಲು ಶುರುಮಾಡಿದಳು. ಅತ್ತೆ ಅತ್ತರು. ಮಾವನ ಮೀಸೆ ನಡುಗುತ್ತಿತ್ತು. ಮದುಮಗನೂ ಕಣ್ಣೊರೆಸಿಕೊಂಡ. ನಾನು ಫ್ಲಾಶ್ ಎತ್ತಿ ಹಿಡಿದೆ, ಅಣ್ಣ ಕ್ಲಿಕ್ ಮಾಡಿದ. ಹತ್ತು ಹದಿನೈದು ಜನರಿದ್ದ ಆ ಫೋಟೊದಲ್ಲಿ ನಗುತ್ತಿರುವವರು ಫ್ರೇಮಿನೊಳಗಿನ ಆ ತಾಯಿಯೊಬ್ಬರೇ.